ಪಹಣಿಯಲ್ಲಿ ಇಲ್ಲದ ಕಡಲು

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಸೇವೆಯಿಂದ ನಿವೃತ್ತವಾದ 'ಚಪಲ್' ಎಂಬ ಕ್ಷಿಪಣಿ ನೌಕೆಯೊಂದನ್ನು ಮರಳಿನ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಗಿದೆ. ಪ್ರವಾಸಿಗರು ಟಿಕೆಟ್ ಪಡೆದು ಅದರೊಳಗೆ ಹೋಗಿಬರುತ್ತಾರೆ. ಅದರ ಬಳಿ ನಿಂತು ಸುತ್ತಲೂ ನೋಡಿದರೆ ಈ ಪುಟ್ಟ ಪಟ್ಟಣದ ನಾಲ್ಕು ಶತಮಾನಗಳ ಆರ್ಥಿಕ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ. ದಕ್ಷಿಣಕ್ಕೆ ವಾಣಿಜ್ಯ ಬಂದರಿನ ಧಕ್ಕೆ, ಅದರ ಮಗ್ಗುಲಲ್ಲಿ ಬೈತಖೋಲದ ಮೀನುಗಾರಿಕಾ ಬಂದರು. ಆ ಗುಡ್ಡದ ಮರೆಯಲ್ಲಿ, ಸಾಮಾನ್ಯರ ಕಣ್ಣಿಗೆ ಬೀಳದಂತೆ, ನೌಕಾಪಡೆಯ ನೆಲೆ ಇದೆ.

ಎಂಬತ್ತರ ದಶಕದ ಕೊನೆಯಲ್ಲಿ ಹೊಸದಾಗಿ ಸೇವೆಗೆ ಸೇರಿದ ಕಿರಿಯ ಅಧಿಕಾರಿಯಾಗಿ ನಾನು ಈ ಕರಾವಳಿಯಲ್ಲಿ ಕೆಲಕಾಲ ಕೆಲಸ ಮಾಡಿದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದು ಬಂದವನಿಗೆ ಬಂದರು ಎಂದರೆ ಹಿನ್ನಾಡಿನ ಸರಕನ್ನು ಹೊರನಾಡಿಗೆ ಕಳುಹಿಸುವ ಬಾಗಿಲು, ಅಷ್ಟೇ. ಆ ಬಾಗಿಲ ಹೊಸ್ತಿಲಿನ ಮೇಲೆ ಕುಳಿತು ಬದುಕುವವರೂ ಇರುತ್ತಾರೆ ಎಂಬುದು ಪಠ್ಯಪುಸ್ತಕದಲ್ಲಿರಲಿಲ್ಲ.

ಬಾಗಿಲಿನ ಕಥೆ ಹಳೆಯದು. 1638ರಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ವರ್ತಕನ ಸಂಸ್ಥೆ ಇಲ್ಲಿ ಕೋಠಿ ತೆರೆಯಿತು. ಆಗಿನ ಊರು ಈಗಿನ ಜಾಗದಲ್ಲಿರದೆ ಕಾಳಿಯ ದಂಡೆಯಲ್ಲಿ ಒಳಗೆ, ಕಡವಾಡದ ಬಳಿ ಇತ್ತು. ಸಹ್ಯಾದ್ರಿಯ ಮೆಣಸು, ಏಲಕ್ಕಿ, ಹುಬ್ಬಳ್ಳಿ ಸೀಮೆಯ ನೇಕಾರರು ನೇಯ್ದ ತೆಳು ಮಸ್ಲಿನ್ ಇಲ್ಲಿಂದ ಹಡಗು ಏರುತ್ತಿದ್ದವು. 1665ರಲ್ಲಿ ಶಿವಾಜಿಯ ಸೈನ್ಯ ಬಂದಾಗ ಊರಿನವರೊಡನೆ ಇಂಗ್ಲಿಷರೂ ವಂತಿಗೆ ತೆತ್ತರು. ಹದಿನೆಂಟನೆಯ ಶತಮಾನದ ನಡುವೆ ಪೋರ್ಚುಗೀಸರ ಒತ್ತಡದಿಂದ ಕೋಠಿ ಮುಚ್ಚಿತು. ವ್ಯಾಪಾರ ಬೇರೆಡೆಗೆ ಹೋಯಿತು. ನೇಕಾರರು ಏನಾದರು ಎಂಬುದನ್ನು ಕೋಠಿಯ ಲೆಕ್ಕಪುಸ್ತಕಗಳು ಬರೆದಿಡುವ ಅಗತ್ಯವಿರಲಿಲ್ಲ.

ಎರಡನೆಯ ಬಾರಿ ಬಾಗಿಲು ತೆರೆದದ್ದು ಅಮೆರಿಕದ ಅಂತರ್ಯುದ್ಧ. 1861ರಲ್ಲಿ ಆ ಯುದ್ಧ ಆರಂಭವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಅಮೆರಿಕದ ತಳಿಯ ಹತ್ತಿ ಆಗಲೇ ಬೇರೂರಿತ್ತು. ಅದಕ್ಕೆ ಅತ್ಯಂತ ಸಮೀಪದ ಬ್ರಿಟಿಷ್ ಬಂದರು ಯಾವುದು ಎಂದು ಭೂಪಟ ನೋಡಿದವರಿಗೆ ಕಾರವಾರ ಕಂಡಿತು. ಹತ್ತಿಯ ಹಿತಾಸಕ್ತಿಗಳ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಒಂದು ಜಿಲ್ಲೆಯ ಆಡಳಿತ, ಭಾಷೆ, ನ್ಯಾಯಾಲಯ, ಶಾಲೆ ಎಲ್ಲವೂ ಮುಂದಿನ ತೊಂಬತ್ತನಾಲ್ಕು ವರ್ಷ ಯಾವ ದಿಕ್ಕಿಗೆ ಮುಖ ಮಾಡಬೇಕೆಂಬುದನ್ನು ಲ್ಯಾಂಕಾಷೈರಿನ ನೂಲುವವರು ತೀರ್ಮಾನಿಸಿದರು ಎಂದರೆ ಅತಿಶಯೋಕ್ತಿಯಲ್ಲ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡಕ್ಕೆ ಯಂತ್ರಗಳನ್ನು ಕಳುಹಿಸಿತು. ಯಂತ್ರಗಳು ಬಂದವು, ಘಟ್ಟ ಹತ್ತುವ ರಸ್ತೆ ಮಾತ್ರ ಸಿದ್ಧವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು. 1865ರಲ್ಲಿ ಯುದ್ಧವೂ ಮುಗಿಯಿತು.

ಬಳಿಕ ರೈಲಿನ ಕನಸು. ಕಾರವಾರದಿಂದ ಹುಬ್ಬಳ್ಳಿ, ಗದಗಕ್ಕೆ ರೈಲುಮಾರ್ಗ ಹಾಕುವ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಮೀಕ್ಷೆಗಳು ನಡೆದವು, ಕಡತಗಳು ಬೆಳೆದವು. ಕೊನೆಗೆ 1880ರ ದಶಕದಲ್ಲಿ ರೈಲು ಇಳಿದದ್ದು ಗೋವೆಯ ಮುರ್ಮಗೋವಾಕ್ಕೆ. ಧಾರವಾಡದ ಹತ್ತಿ ಲೋಂಡಾ ಮಾರ್ಗವಾಗಿ ಪೋರ್ಚುಗೀಸರ ಬಂದರಿಗೆ ಹೋಯಿತು. ಕಾರವಾರ ಜಿಲ್ಲಾ ಕೇಂದ್ರವಾಗಿ, ಕಚೇರಿಗಳ ಊರಾಗಿ ಉಳಿಯಿತು. 1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರರು ಈ ತೀರದ ನಿಶ್ಶಬ್ದದಲ್ಲಿ ನಾಟಕ ಬರೆದರು. ವಾಣಿಜ್ಯ ಸೋತದ್ದರಿಂದ ಸಾಹಿತ್ಯಕ್ಕೆ ಲಾಭವಾಯಿತೆನ್ನಬಹುದು! 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಪಶ್ಚಿಮ ಘಟ್ಟದ ಅರಣ್ಯದ ಪ್ರಶ್ನೆಯಲ್ಲಿ ಸಿಲುಕಿಕೊಂಡಿದೆ. ಅರಣ್ಯ ಉಳಿಯಬೇಕೆನ್ನುವವರ ವಾದದಲ್ಲಿ ಹುರುಳಿದೆ ಎಂಬುದೇ ನನ್ನ ಅಭಿಪ್ರಾಯ. ಆದರೆ ನೂರೈವತ್ತು ವರ್ಷ ಒಂದೇ ರೈಲಿಗೆ ಕಾದ ಊರು ಇನ್ನೊಂದಿರಲಾರದು.

ಈ ಏಳುಬೀಳುಗಳ ಗೊಡವೆಯಿಲ್ಲದೆ ನಡೆದುಕೊಂಡು ಬಂದ ಉದ್ಯಮವೆಂದರೆ ಮೀನುಗಾರಿಕೆ. ಅದರ ಕೇಂದ್ರದಲ್ಲಿದ್ದುದು ರಂಪಣಿ. ಇಂದಿನ ಓದುಗರಲ್ಲಿ ಅನೇಕರು ಅದನ್ನು ನೋಡಿರಲಾರರು. ಅನೇಕ ತುಂಡು ಬಲೆಗಳನ್ನು ಒಂದಕ್ಕೊಂದು ಹೊಲಿದು ಕಿಲೋಮೀಟರಿಗೂ ಉದ್ದವಾಗಿ ಮಾಡಿದ ಬಲೆ ಅದು. ಬಂಗುಡೆಯ ಹಿಂಡು ದಡದ ಸಮೀಪ ಬಂದುದನ್ನು ನೀರಿನ ಬಣ್ಣದಿಂದ ಗುರುತಿಸಿ, ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಲೆಯ ತುಂಡು ಯಾರದೋ ಅವರಿಗೆ ಒಂದು ಪಾಲು, ದೋಣಿಗೆ ಪಾಲು, ಎಳೆದ ಕೈಗೆ ಪಾಲು. ಊರ ದೇವರಿಗೂ ಸಲ್ಲುತ್ತಿತ್ತು. ಹೆಂಗಸರು ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದರು; ಉಳಿದದ್ದಕ್ಕೆ ಉಪ್ಪು ಹಾಕಿ ಮರಳಿನ ಮೇಲೆ ಒಣಗಿಸುತ್ತಿದ್ದರು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ಕಾರವಾರದ ಬಂಗುಡೆ, ಘಟ್ಟದ ಮೇಲಿನ ಊರುಗಳ ಸಂತೆ ಇವು ಒಂದಕ್ಕೊಂದು ಪೋಣಿಸಿಕೊಂಡ ಅರ್ಥವ್ಯವಸ್ಥೆ. ಇದಕ್ಕೆ ಬೇಕಾದ ಬಂಡವಾಳದಲ್ಲಿ ಅತಿ ದೊಡ್ಡದು, ಯಾರ ಒಡೆತನಕ್ಕೂ ಸೇರದ ಉದ್ದನೆಯ ಮರಳ ದಂಡೆ.

1970ರ ದಶಕದ ನಡುವೆ ಕರ್ನಾಟಕ ಕರಾವಳಿಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದವು. ದಡಕ್ಕೆ ಬರುವ ಹಿಂಡಿಗಾಗಿ ಕಾಯುವ ಬದಲು, ಅದು ಇದ್ದಲ್ಲಿಗೇ ಹೋಗಿ ಸುತ್ತುವರಿಯುವ ವಿಧಾನ ಅದು. ಹೆಚ್ಚು ಮೀನು, ಕಡಿಮೆ ಕೈಗಳು. ಆ ದಶಕದ ಕೊನೆಗೆ ರಂಪಣಿಯವರಿಗೂ ಯಾಂತ್ರಿಕ ದೋಣಿಯವರಿಗೂ ಸಂಘರ್ಷಗಳಾದವು. 1986ರಲ್ಲಿ ರಾಜ್ಯ ಸರ್ಕಾರ ಸಮುದ್ರ ಮೀನುಗಾರಿಕೆಯ ನಿಯಂತ್ರಣಕ್ಕೆ ಕಾಯ್ದೆ ತಂದಿತು. ಅಷ್ಟು ಹೊತ್ತಿಗೆ ದಂಡೆಯ ಬಹುಪಾಲು ರಂಪಣಿಗಳು ಕೊಟ್ಟಿಗೆ ಸೇರಿದ್ದವು. ಇದನ್ನು ಸರ್ಕಾರವಾಗಲಿ ಪರರಾಗಲಿ ಮಾಡಿದರೆನ್ನಲಾಗದು. ಯಾಂತ್ರಿಕ ದೋಣಿ ಕೊಂಡವರಲ್ಲಿಯೂ ಮೀನುಗಾರರ ಮಕ್ಕಳು ಇದ್ದರು.

ಅದೇ 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. ಮುಂಬಯಿ ಬಂದರಿನ ಇಕ್ಕಟ್ಟು, ಪಶ್ಚಿಮ ಕರಾವಳಿಯಲ್ಲಿ ಶತ್ರು ವಿಮಾನಗಳಿಗೆ ದೂರವಾದ ಆಳ ನೀರಿನ ನೆಲೆಯ ಅಗತ್ಯ, ಹಿಂದೆ ಬೆಟ್ಟ, ಮುಂದೆ ದ್ವೀಪಗಳು: ಆಯ್ಕೆಯ ಕಾರಣಗಳು ಬಲವಾದವೇ ಆಗಿದ್ದವು. ದೇಶದ ರಕ್ಷಣೆಗೆ ಯಾರಾದರೂ ನೆಲ ಬಿಡಲೇಬೇಕು ಎಂಬುದನ್ನು ಆ ಊರುಗಳಲ್ಲಿ ಅಲ್ಲಗಳೆದವರನ್ನು ನಾನು ಕಾಣಲಿಲ್ಲ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹದಿಮೂರು ಹಳ್ಳಿಗಳ ನಾಲ್ಕು ಸಾವಿರದಷ್ಟು ಕುಟುಂಬಗಳು ಬಿಟ್ಟುಕೊಟ್ಟವು.

ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದರ ಕ್ರಮ ನಮಗೆ ಕಂಠಪಾಠ: ನಾಲ್ಕನೆಯ ಕಲಮಿನ ಅಧಿಸೂಚನೆ, ಒಂಬತ್ತನೆಯದರ ನೋಟಿಸು, ಹನ್ನೊಂದರ ಐತೀರ್ಪು. ಪರಿಹಾರವೆಂದರೆ ಮಾರುಕಟ್ಟೆ ಬೆಲೆ, ಅದರ ಮೇಲೆ ಶೇ 30 ಸಾಂತ್ವನ ಧನ, ಬಡ್ಡಿ. ಮಾರುಕಟ್ಟೆ ಬೆಲೆಯನ್ನು ತಿಳಿಯಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಕ್ಕಪಕ್ಕದ ಮಾರಾಟ ಪತ್ರಗಳನ್ನು ಹುಡುಕಬೇಕು. ಕಡಲ ತಡಿಯ ಹಳ್ಳಿಗಳಲ್ಲಿ ಜಮೀನು ಮಾರುವವರೇ ವಿರಳ. ಮಾರಿದರೂ ಮುದ್ರಾಂಕ ಶುಲ್ಕ ಉಳಿಸಲು ಬೆಲೆ ಇಳಿಸಿ ಬರೆಸುವುದು ವಾಡಿಕೆ. ಹೀಗೆ ಯಾರೋ ಬರೆಸಿದ ಸುಳ್ಳು ಬೆಲೆ ಇನ್ಯಾರದೋ ಬದುಕಿನ ಬೆಲೆಯಾಗುತ್ತಿತ್ತು. ನ್ಯಾಯಾಲಯಗಳು ಮುಂದೆ ಪರಿಹಾರವನ್ನು ಹಲವು ಪಟ್ಟು ಏರಿಸಿದವು ನಿಜ; ಅಷ್ಟರಲ್ಲಿ ದಶಕಗಳು ಕಳೆದಿದ್ದವು, ಅರ್ಜಿದಾರರ ಜಾಗದಲ್ಲಿ ವಾರಸುದಾರರ ಹೆಸರು ಬಂದಿತ್ತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೆಲೆಯ ಪ್ರಶ್ನೆಯಲ್ಲ. ಒಂದು ದಿನ ಹಿರಿಯ ಸಿಬ್ಬಂದಿಯೊಡನೆ ಹಳ್ಳಿಯೊಂದಕ್ಕೆ ಹೋಗಿ, ದೇವಸ್ಥಾನದ ಜಗಲಿಯಲ್ಲಿ ಪಹಣಿ ಪತ್ರಿಕೆಗಳನ್ನು ಹರಡಿಕೊಂಡು ಹೆಸರು ಕೂಗುತ್ತಿದ್ದೆವು. ಮನೆ, ತೆಂಗಿನ ಮರ, ಗದ್ದೆ, ಬಾವಿ ಒಂದೊಂದೂ ಒಂದೊಂದು ಕಲಮಿನಲ್ಲಿ ಬಂದುಹೋಯಿತು. ಕೊನೆಗೆ ಒಬ್ಬ ವಿಧವೆ ಎದ್ದು ನಿಂತಳು. ಅವಳದು ಪರರ ಹಿತ್ತಲಲ್ಲಿದ್ದ ಗುಡಿಸಲು. ಮೀನು ಒಣಗಿಸಿ ಘಟ್ಟದ ಮೇಲಿನ ಸಂತೆಗೆ ಕಳುಹಿಸಿ ಮಕ್ಕಳನ್ನು ಸಾಕಿದವಳು. ಕೊಂಕಣಿಯಲ್ಲಿ ಅವಳು ಕೇಳಿದ್ದನ್ನು ಗ್ರಾಮಸಹಾಯಕ ಕನ್ನಡಕ್ಕೆ ತಿರುಗಿಸಿದ: 'ನಾನು ಮೀನು ಒಣಗಿಸುವ ಮರಳು ಯಾರ ಹೆಸರಿನಲ್ಲಿದೆ ಎಂದು ಕೇಳುತ್ತಿದ್ದಾಳೆ ಸ್ವಾಮಿ.' ಸರ್ಕಾರದ ಹೆಸರಿನಲ್ಲಿದೆ ಎಂದು ನಾನು ಸರಿಯಾದ ಉತ್ತರವನ್ನೇ ಕೊಟ್ಟೆ. ಹಾಗಾದರೆ ಪರಿಹಾರ ಸರ್ಕಾರಕ್ಕೇ ಸಿಗುತ್ತದೆಯೇ ಎಂದು ಅವಳು ಮತ್ತೆ ಕೇಳಿದಾಗ ಜನ ನಕ್ಕರು. ನಾನೂ ನಕ್ಕೆ. ಆ ನಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನನ್ನ ಟಿಪ್ಪಣಿಯಲ್ಲಿ ಅವಳ ಪ್ರಶ್ನೆಯನ್ನು ದಾಖಲಿಸಬಹುದಾಗಿತ್ತು. ಹಾಗೆ ಮಾಡುವುದನ್ನು ಯಾವ ನಿಯಮವೂ ತಡೆಯುತ್ತಿರಲಿಲ್ಲ. ನಾನು ದಾಖಲಿಸಲಿಲ್ಲ.

2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. 2014ರ ಆರಂಭದಲ್ಲಿ ವಿಕ್ರಮಾದಿತ್ಯ ವಿಮಾನವಾಹಕ ನೌಕೆ ಇಲ್ಲಿಗೆ ಬಂತು. ಎರಡನೆಯ ಹಂತದ ವಿಸ್ತರಣೆಯ ಹಲವು ಕಾಮಗಾರಿಗಳನ್ನು 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವರು ಉದ್ಘಾಟಿಸಿದರು. ಬಾಡಿಗೆ ಮನೆ, ಹೋಟೆಲು, ಗುತ್ತಿಗೆ ಕೆಲಸ, ವಾಹನ ಇವುಗಳ ಮೂಲಕ ಪಟ್ಟಣಕ್ಕೆ ಹಣ ಹರಿದಿದೆ. ಆದರೆ ಅರ್ಥಶಾಸ್ತ್ರಜ್ಞರು ಹೇಳುವ ಗುಣಕದ ಪರಿಣಾಮ ಬೇಲಿಯಾಚೆಯ ವ್ಯವಸ್ಥೆಯಲ್ಲಿ ತೆಳುವಾಗಿಯೇ ಇರುತ್ತದೆ. ಕೈಗಾ ಅಣುಸ್ಥಾವರವೂ ಹಾಗೆಯೇ. ನಾಲ್ಕು ಘಟಕಗಳಿಂದ 880 ಮೆಗಾವಾಟ್ ಸಾಮರ್ಥ್ಯ. ಮೊದಲ ಘಟಕ 2018ರಲ್ಲಿ 962 ದಿನಗಳ ನಿರಂತರ ಉತ್ಪಾದನೆಯಿಂದ ವಿಶ್ವದಾಖಲೆಯನ್ನೂ ಮಾಡಿತು. ಆ ವಿದ್ಯುತ್ತು ತಂತಿಯ ಮೇಲೆ ಘಟ್ಟ ಹತ್ತಿ ಹೋಗುತ್ತದೆ. ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದೇ ಹಲವು ಒಡೆತನಗಳನ್ನು ಕಂಡೂ ಸ್ಥಳೀಯ ದುಡಿಮೆಯೊಡನೆ ದೀರ್ಘ ಸಂಬಂಧ ಉಳಿಸಿಕೊಂಡ ಕೈಗಾರಿಕೆ.

ನಡುವೆ ಒಂದು ಜ್ವರ ಬಂದು ಹೋಯಿತು. 2003ರ ನಂತರ ಚೀನಾದ ಬೇಡಿಕೆಯಿಂದ ಬಳ್ಳಾರಿಯ ಕಬ್ಬಿಣದ ಅದಿರು ಅರಬೈಲ್ ಘಟ್ಟ ಇಳಿದು ಕಾರವಾರ ಮತ್ತು ಬೇಲೆಕೇರಿಗೆ ಲಾರಿಗಳಲ್ಲಿ ಬಂತು. ಹೆದ್ದಾರಿಯ ಬದಿಯ ಮರಗಳ ಎಲೆ ಕೆಂಪಾಯಿತು. ಲಾರಿ ಕೊಳ್ಳಲು ಸಾಲ ಮಾಡಿದವರು, ಅಂಗಡಿ ತೆರೆದವರು, ದೋಣಿ ಮಾರಿ ಅದಿರಿನ ಕೆಲಸಕ್ಕೆ ಹೋದವರು ಅನೇಕರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಬೇಲೆಕೇರಿಯಲ್ಲಿ ಮುಟ್ಟುಗೋಲಾಗಿದ್ದ ಅದಿರೇ ಮಾಯವಾದ ಹಗರಣವನ್ನು ಓದುಗರು ಮರೆತಿರಲಾರರು. ಏಳೆಂಟು ವರ್ಷಗಳ ಆ ಸಿರಿ ಹೋದಾಗ ಸಾಲ ಉಳಿಯಿತು. ಬಂದರಿನ ಪಾಲಿಗೆ ಈಗ ಮುಖ್ಯ ಸರಕು ಡಾಂಬರು ಮತ್ತು ತೈಲೋತ್ಪನ್ನಗಳು.

ಈಗಿನ ಮಾತಿಗೆ ಬರೋಣ. ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರನ್ನು ಟ್ಯಾಗೋರ್ ಕಡಲತೀರದ ಕಡೆಗೆ ವಿಸ್ತರಿಸುವ ಕಾಮಗಾರಿ ಆರಂಭವಾದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ಹೆಂಗಸರು ಸಮುದ್ರಕ್ಕಿಳಿದು ನಿಂತರು. ಹೈಕೋರ್ಟ್ ತಡೆಯಾಜ್ಞೆ ನೀಡಿತು. ಇತ್ತ ಅಂಕೋಲಾದ ಕೇಣಿಯಲ್ಲಿ 4,119 ಕೋಟಿ ರೂಪಾಯಿ ಅಂದಾಜಿನ ಖಾಸಗಿ ಬಂದರಿಗೆ 2023ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಆಯ್ಕೆಯಾಗಿದೆ. ಅಲ್ಲಿಯೂ ಪ್ರತಿಭಟನೆ ನಡೆದಿದೆ. ಇವರು ಅಭಿವೃದ್ಧಿ ವಿರೋಧಿಗಳು ಎಂಬ ಮಾತು ರಾಜಧಾನಿಯಲ್ಲಿ ಸುಲಭವಾಗಿ ಕೇಳಿಬರುತ್ತದೆ. ಸೀಬರ್ಡ್‌ಗೆ ಒಂದು ದಂಡೆ, ಬಂದರಿಗೆ ಒಂದು ದಂಡೆ, ಪ್ರವಾಸೋದ್ಯಮಕ್ಕೆ ಇನ್ನೊಂದು ಎಂದು ಹಂಚುತ್ತ ಬಂದರೆ ಉಳಿದದ್ದೆಷ್ಟು ಎಂದು ಅಳೆದು ನೋಡುವವರು ಈ ಮಾತನ್ನು ಆಡಲಾರರು.

ಕಾನೂನಿನ ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯು 'ಬಾಧಿತ ಕುಟುಂಬ' ಎಂಬ ಪದದ ವ್ಯಾಖ್ಯೆಯಲ್ಲಿ, ಮೂರು ವರ್ಷಗಳಿಂದ ನೀರನ್ನು ನಂಬಿ ಬದುಕುವ ಮೀನುಗಾರರನ್ನೂ ದೋಣಿ ನಡೆಸುವವರನ್ನೂ ಸೇರಿಸಿದೆ. ಜಗಲಿಯ ಮೇಲೆ ಎದ್ದು ನಿಂತಿದ್ದ ಆ ಹೆಂಗಸಿಗೆ ಶಾಸನದಲ್ಲಿ ಕೊನೆಗೂ ಒಂದು ಸಾಲು ಸಿಕ್ಕಿತೆಂದು ನಾನು ಸಂತೋಷಪಟ್ಟಿದ್ದೆ. ಆದರೆ ಆ ಕಾಯ್ದೆ ಜೀವ ತಳೆಯುವುದು ಭೂಮಿಯನ್ನು ಸ್ವಾಧೀನ ಮಾಡಿಕೊಂಡಾಗ ಮಾತ್ರ. ಕಡಲಿಗೆ ಮಣ್ಣು ತುಂಬಿ ಧಕ್ಕೆ ಕಟ್ಟಿದರೆ, ಸರ್ಕಾರದ್ದೇ ಆದ ಮರಳ ದಂಡೆಯನ್ನು ಬಂದರು ಇಲಾಖೆಗೆ ಬಿಟ್ಟುಕೊಟ್ಟರೆ, ಅಲ್ಲಿ ಸ್ವಾಧೀನವೇ ಇಲ್ಲ. ಸ್ವಾಧೀನವಿಲ್ಲದ ಮೇಲೆ ಸಾಮಾಜಿಕ ಪರಿಣಾಮದ ಅಧ್ಯಯನವಿಲ್ಲ, ಬಾಧಿತ ಕುಟುಂಬವೂ ಇಲ್ಲ. ಪರಿಸರ ಅನುಮತಿಗಾಗಿ ನಡೆಯುವ ಸಾರ್ವಜನಿಕ ಆಲಿಕೆಯೊಂದೇ ಮೀನುಗಾರನಿಗೆ ಉಳಿಯುವ ವೇದಿಕೆ. ಅಲ್ಲಿ ಆಕ್ಷೇಪಣೆಯನ್ನು ದಾಖಲಿಸಬಹುದು, ಹಕ್ಕನ್ನು ಸಾಧಿಸಲಾಗದು. ಕಡಲತೀರದ ಯಾವ ಭಾಗವನ್ನು ಯಾವ ಊರಿನ ಯಾವ ಕುಟುಂಬಗಳು ಬಲೆ ಎಳೆಯಲು, ದೋಣಿ ನಿಲ್ಲಿಸಲು, ಮೀನು ಒಣಗಿಸಲು ಬಳಸುತ್ತಿವೆ ಎಂಬುದನ್ನು ಗ್ರಾಮವಾರು ದಾಖಲಿಸುವುದು ಕಂದಾಯ ಮತ್ತು ಮೀನುಗಾರಿಕೆ ಇಲಾಖೆಗಳಿಗೆ ಕಷ್ಟದ ಕೆಲಸವಲ್ಲ. ಒಂದು ಸರ್ಕಾರಿ ಆದೇಶ, ಒಬ್ಬ ಭೂಮಾಪಕ, ಊರಿನ ನಾಲ್ವರು ಹಿರಿಯರು ಸಾಕು. ಹಾಗೆ ದಾಖಲಾದ ಮೇಲೆ ಬಂದರು ಬರಲಿ, ಬಾರದಿರಲಿ, ಚೌಕಾಸಿಗೆ ಕುಳಿತವನ ಕೈಯಲ್ಲಿ ಒಂದು ಕಾಗದವಿರುತ್ತದೆ.

ಕಳೆದ ವರ್ಷ ಆಗಸ್ಟ್ ಮೊದಲ ವಾರದಲ್ಲಿ ಕಾರವಾರಕ್ಕೆ ಹೋಗಿದ್ದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೈತಖೋಲದಲ್ಲಿ ದೋಣಿಗಳಿಗೆ ಮಂಜುಗಡ್ಡೆ ತುಂಬುತ್ತಿದ್ದರು. ತುಂಬುತ್ತಿದ್ದ ಹುಡುಗರಲ್ಲಿ ಹೆಚ್ಚಿನವರು ಒಡಿಶಾ, ಜಾರ್ಖಂಡ್ ಕಡೆಯವರು. ದೋಣಿಯ ಒಡೆಯನ ಮಗ ಗೋವೆಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದಾನಂತೆ. ಸಂಜೆ ಟ್ಯಾಗೋರ್ ತೀರದಲ್ಲಿ ಹನ್ನೆರಡು ಹದಿನೈದು ಜನ ಸೇರಿ ಚಿಕ್ಕದೊಂದು ಏಂಡಿ ಬಲೆ ಎಳೆಯುತ್ತಿದ್ದರು. ಪ್ರವಾಸಿಗರು ಸುತ್ತ ನಿಂತು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಬಲೆ ದಡಕ್ಕೆ ಬಂದಾಗ ಎರಡು ಬುಟ್ಟಿಯಷ್ಟು ಮೀನಿತ್ತು. ಎಳೆದವರಿಗೆಲ್ಲ ಪಾಲು ಹಂಚಿದರು. ಹಗ್ಗಕ್ಕೆ ಸುಮ್ಮನೆ ಕೈ ಹಾಕಿದ್ದ ನನ್ನ ಮುಂದೆಯೂ ಒಬ್ಬಾಕೆ ನಾಲ್ಕು ಮೀನು ಇಟ್ಟು, ಬುಟ್ಟಿ ಎತ್ತಿಕೊಂಡು ಪೇಟೆಯ ಕಡೆಗೆ ಹೊರಟಳು.