ಮನೆಮಂದಿಯ ಚರ್ಮರಕ್ಷಣೆ: ಸಾಮಾನ್ಯ ತಪ್ಪುಗಳು, ಸರಿಯಾದ ಕ್ರಮಗಳು

ಚರ್ಮವು ನಮ್ಮ ದೇಹದ ಹೊರಗೋಡೆ. ರೋಗಾಣುಗಳು ಒಳಹೊಗದಂತೆ ತಡೆಯುವುದು, ಬೆವರಿನ ಮೂಲಕ ದೇಹವನ್ನು ತಂಪಾಗಿಡುವುದು, ಬಿಸಿ, ತಂಪು, ನೋವು, ಸ್ಪರ್ಶಗಳನ್ನು ನಮಗೆ ತಿಳಿಸುವುದು ಅದರ ಮುಖ್ಯ ಕಾರ್ಯಗಳು. ಮನೆಯ ಗೋಡೆ ಬಿರುಕು ಬಿಟ್ಟರೆ ಮಳೆಗಾಲಕ್ಕೆ ಮೊದಲೇ ಮೆತ್ತುವ ನಾವು, ಮೈಮೇಲಿನ ತುರಿಕೆಯನ್ನೋ ಮಚ್ಚೆಯನ್ನೋ ತಿಂಗಳುಗಟ್ಟಲೆ ಕಡೆಗಣಿಸುತ್ತೇವೆ. ಇಲ್ಲವೇ ಕೈಗೆ ಸಿಕ್ಕಿದ ಮುಲಾಮನ್ನು ಹಚ್ಚಿ ಸುಮ್ಮನಾಗುತ್ತೇವೆ.

ಆರೋಗ್ಯ ಕೇಂದ್ರಕ್ಕೆ ಚರ್ಮದ ತೊಂದರೆಯಿಂದ ಬರುವ ಅನೇಕರಲ್ಲಿ ಮೂಲ ಕಾಯಿಲೆ ಸಣ್ಣದಾಗಿದ್ದು, ತಪ್ಪು ಆರೈಕೆಯಿಂದ ದೊಡ್ಡದಾಗಿರುತ್ತದೆ. ಗಂಡ, ಹೆಂಡತಿ, ಮಕ್ಕಳು ಒಂದೇ ಹಾಸಿಗೆ, ಒಂದೇ ಟವೆಲು ಬಳಸುವ ಮನೆಯಲ್ಲಿ ಒಬ್ಬರ ಚರ್ಮರೋಗವು ಒಬ್ಬರಲ್ಲಿಯೇ ನಿಲ್ಲುವುದಿಲ್ಲ. ಆದುದರಿಂದ ಈ ವಿಷಯವನ್ನು ದಂಪತಿಗಳಿಬ್ಬರೂ ಒಟ್ಟಿಗೆ ಓದಿ ತಿಳಿದುಕೊಳ್ಳುವುದು ಅಗತ್ಯ.

ಸ್ನಾನ ಮತ್ತು ಸಾಬೂನು

ದಿನಕ್ಕೊಮ್ಮೆ ಸ್ನಾನ ಮಾಡುವುದು ಒಳ್ಳೆಯ ಅಭ್ಯಾಸ. ಆದರೆ ಬಟ್ಟೆ ಒಗೆಯುವ ಸೋಪಿನಿಂದ ಮೈ ತೊಳೆಯುವುದು, ಕಲ್ಲಿನಿಂದ ಬಲವಾಗಿ ಉಜ್ಜುವುದು, ಸುಡುವ ನೀರನ್ನು ಸುರಿದುಕೊಳ್ಳುವುದು ತಪ್ಪು. ಚರ್ಮದ ಮೇಲೆ ಸಹಜವಾದ ತೆಳು ಜಿಡ್ಡಿನ ಪದರವಿರುತ್ತದೆ. ಖಾರವಾದ ಸೋಪು ಈ ಪದರವನ್ನು ಕಿತ್ತುಹಾಕಿದರೆ ಚರ್ಮ ಒಣಗಿ, ಸೀಳಿ, ತುರಿಸುತ್ತದೆ. ತುರಿಸಿದ ಗಾಯದ ಮೂಲಕ ರೋಗಾಣುಗಳು ಸೇರಿ ಕೀವು ತುಂಬುತ್ತದೆ.

ಉಗುರುಬೆಚ್ಚಗಿನ ನೀರು, ಮೈಗೆ ಹಚ್ಚುವ ಸಾಧಾರಣ ಸಾಬೂನು ಇಷ್ಟೇ ಸಾಕು. ಕಂಕುಳು, ತೊಡೆಸಂದಿ, ಪಾದಗಳನ್ನು ಚೆನ್ನಾಗಿ ತೊಳೆದು, ಬೆರಳ ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಚಳಿಗಾಲದಲ್ಲಿ ಸ್ನಾನವಾದ ಕೂಡಲೇ, ಮೈಯಲ್ಲಿ ಇನ್ನೂ ತೇವವಿರುವಾಗ ಕೊಬ್ಬರಿ ಎಣ್ಣೆ ಹಚ್ಚಿದರೆ ಆ ತೇವವು ಚರ್ಮದಲ್ಲಿ ಉಳಿಯುತ್ತದೆ. ಒಡೆದ ಹಿಮ್ಮಡಿಗೂ ಇದೇ ಕ್ರಮ ಹಿತಕರ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಹಿಮ್ಮಡಿಯ ಸೀಳನ್ನು ತಾವೇ ಬ್ಲೇಡಿನಿಂದ ಕೆರೆಯಕೂಡದು, ವೈದ್ಯರಿಗೆ ತೋರಿಸಬೇಕು.

ಕಜ್ಜಿ: ಒಬ್ಬರಿಗೆ ಔಷಧ, ಉಳಿದವರಿಗೆ ಇಲ್ಲ

ಕಜ್ಜಿಯು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುವ ರೋಗ. ಈ ನುಸಿ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆಸಂದಿಗಳಲ್ಲಿ ಗುಳ್ಳೆಗಳೆದ್ದು ರಾತ್ರಿ ವೇಳೆ ತುರಿಕೆ ಹೆಚ್ಚುತ್ತದೆ.

ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ತುರಿಸುವ ಮಗುವಿಗೆ ಮಾತ್ರ ಔಷಧ ಹಚ್ಚುವುದು. ಮೊದಲ ಬಾರಿ ನುಸಿ ತಗುಲಿದವರಿಗೆ ತುರಿಕೆ ಆರಂಭವಾಗಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಜೊತೆಯಲ್ಲಿ ಮಲಗುವ ತಾಯಿತಂದೆಯರ ಮೈಗೂ ನುಸಿ ಸೇರಿರುತ್ತದೆ. ಮಗುವಿಗೆ ವಾಸಿಯಾದ ಮೇಲೆ ಅವರಿಂದ ಪುನಃ ಮಗುವಿಗೆ ಬರುತ್ತದೆ. “ಔಷಧ ಹಿಡಿಯಲಿಲ್ಲ” ಎಂದು ದೂರುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಆದುದರಿಂದ ತುರಿಕೆ ಇರಲಿ, ಇಲ್ಲದಿರಲಿ, ಮನೆಯವರೆಲ್ಲರೂ ಒಂದೇ ರಾತ್ರಿ ಔಷಧ ಹಚ್ಚಿಕೊಳ್ಳಬೇಕು. ವೈದ್ಯರು ಸಾಮಾನ್ಯವಾಗಿ ಕೊಡುವ 5 ಶೇಕಡ ಪರ್ಮೆಥ್ರಿನ್ ಮುಲಾಮನ್ನು ಗುಳ್ಳೆಗಳ ಮೇಲೆ ಮಾತ್ರವಲ್ಲದೆ, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿಯನ್ನೂ ಬಿಡದೆ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಬೇಕು. ಒಂದು ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು ಹಾಗೂ ಹಸುಗೂಸುಗಳಿಗೆ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಉಟ್ಟ ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಕಂಬಳಿ, ದಿಂಬುಗಳನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಇಟ್ಟರೆ ನುಸಿಗಳು ಆಹಾರವಿಲ್ಲದೆ ಸಾಯುತ್ತವೆ.

ನುಸಿಗಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು. ಔಷಧ ಕೆಲಸ ಮಾಡಲಿಲ್ಲವೆಂದು ಭಾವಿಸಿ ಪ್ರತಿದಿನ ಹಚ್ಚಿದರೆ ಚರ್ಮ ಉರಿಯುತ್ತದೆ.

ಹುಳುಕಡ್ಡಿ ಮತ್ತು ಅಂಗಡಿಯ ಮುಲಾಮು

ಸೊಂಟ, ತೊಡೆಸಂದಿ, ಪೃಷ್ಠಗಳಲ್ಲಿ ಬಳೆಯಾಕಾರವಾಗಿ ಹರಡುವ ಹುಳುಕಡ್ಡಿಗೆ ಹೆಸರಿನಲ್ಲಿ ಹುಳುವಿದ್ದರೂ, ಅದಕ್ಕೆ ಕಾರಣ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಬೆವರು ಮತ್ತು ತೇವ ಇರುವಲ್ಲಿ ಇದು ಬೆಳೆಯುತ್ತದೆ. ಗಂಡಸರ ಉಡುದಾರ, ಹೆಂಗಸರ ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕಾಗಿಯೇ.

ಈ ತುರಿಕೆಯನ್ನು ಹೇಳಿಕೊಳ್ಳಲು ನಾಚಿ, ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದು ಇಬ್ಬರೂ ಹಚ್ಚಿಕೊಳ್ಳುವುದು ಸಾಮಾನ್ಯ. ಇಂತಹ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಎಂಬ ಔಷಧ ಬೆರೆತಿರುತ್ತದೆ. ಹಚ್ಚಿದ ಎರಡು ದಿನಗಳಲ್ಲಿ ತುರಿಕೆ, ಕೆಂಪು ಇಳಿಯುತ್ತವೆ. ಆದರೆ ರೋಗ ಇಳಿದಿಲ್ಲ. ಶಿಲೀಂಧ್ರದ ವಿರುದ್ಧ ನಮ್ಮ ದೇಹ ಹೂಡಿದ ಹೋರಾಟವನ್ನೇ ಸ್ಟೀರಾಯ್ಡ್ ಅಡಗಿಸಿದೆ. ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳನಿಗೆ ಅಡ್ಡಿಯೇನು? ಮುಲಾಮು ಬಿಟ್ಟ ಕೂಡಲೇ ರೋಗವು ಮೊದಲಿಗಿಂತ ಅಗಲವಾಗಿ ಹರಡುತ್ತದೆ. ಬಳೆಯ ಆಕಾರ ಕೆಟ್ಟು ಗುರುತಿಸುವುದೂ ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳುವಾಗಿ, ಬಸುರಿಯರ ಹೊಟ್ಟೆಯ ಮೇಲೆ ಕಾಣುವಂತಹ ಬಿರುಕು ಗೆರೆಗಳು ತೊಡೆಸಂದಿಯಲ್ಲಿ ಶಾಶ್ವತವಾಗಿ ಉಳಿಯುತ್ತವೆ.

ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಇರುವ ಮುಲಾಮು ಎಂದು ತಿಳಿಯಿರಿ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿದೆ. ಕೆಲವು ಚರ್ಮರೋಗಗಳಿಗೆ ಇವು ಒಳ್ಳೆಯ ಔಷಧಗಳೇ, ಹುಳುಕಡ್ಡಿಗೆ ಅಲ್ಲ.

ಸರಿಯಾದ ಚಿಕಿತ್ಸೆ ಹೀಗಿದೆ: ವೈದ್ಯರು ಕೊಟ್ಟ ಶಿಲೀಂಧ್ರನಾಶಕ ಮುಲಾಮನ್ನು ಮಚ್ಚೆಯ ಅಂಚಿನಿಂದ ಎರಡು ಬೆರಳು ಆಚೆಯವರೆಗೂ ಹಚ್ಚಬೇಕು. ಮಚ್ಚೆ ಮಾಯವಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಬಿಡದೆ ಮುಂದುವರಿಸಬೇಕು. ಗಂಡ, ಹೆಂಡತಿ ಇಬ್ಬರಿಗೂ ಇದ್ದರೆ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಟವೆಲು, ಒಳ ಉಡುಪು ಬೇರೆ ಬೇರೆ ಇರಲಿ. ಒಳ ಉಡುಪನ್ನು ಮರೆಯಲ್ಲಿ, ನೆರಳಿನಲ್ಲಿ ಒಣಗಿಸದೆ, ಒಳಮಗ್ಗುಲನ್ನು ಹೊರಗೆ ಮಾಡಿ ಬಿಸಿಲಿಗೆ ಹಾಕಿರಿ. ಉಡುದಾರವನ್ನು ಬದಲಾಯಿಸಿರಿ, ವಾಸಿಯಾಗುವವರೆಗೆ ಕಟ್ಟದಿದ್ದರೆ ಇನ್ನೂ ಒಳ್ಳೆಯದು. ವೈದ್ಯರ ಮುಂದೆ ಸಂಕೋಚವೆನಿಸುವ ಹೆಂಗಸರು ಮೊದಲು ಆರೋಗ್ಯ ಸಹಾಯಕಿಯೊಡನೆ ಅಥವಾ ಆಶಾ ಕಾರ್ಯಕರ್ತೆಯೊಡನೆ ಮಾತನಾಡಬಹುದು.

ಬಂಗು ಮತ್ತು ಬಿಳುಪಿನ ಕ್ರೀಮು

ಗರ್ಭಿಣಿಯರ ಕೆನ್ನೆ, ಹಣೆಗಳ ಮೇಲೆ ಕಂದು ಬಣ್ಣದ ಬಂಗು ಮೂಡುವುದುಂಟು. ಇದು ಗರ್ಭಕಾಲದ ರಸದೂತಗಳ ಮತ್ತು ಬಿಸಿಲಿನ ಪರಿಣಾಮ; ಕೊಳೆಯೂ ಅಲ್ಲ, ದೋಷವೂ ಅಲ್ಲ. ಹೆರಿಗೆಯ ನಂತರ ಅನೇಕರಲ್ಲಿ ತಾನಾಗಿ ತಿಳಿಯಾಗುತ್ತದೆ. ಮಾಲಾ-ಎನ್‌ನಂತಹ ಗರ್ಭನಿರೋಧಕ ಗುಳಿಗೆ ನುಂಗುವ ಕೆಲವರಲ್ಲಿಯೂ ಬಂಗು ಕಾಣಬಹುದು. ಹಾಗೆಂದು ಗುಳಿಗೆಯನ್ನು ಏಕಾಏಕಿ ನಿಲ್ಲಿಸಿದರೆ ಬೇಡದ ಬಸಿರು ನಿಲ್ಲಬಹುದು. ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಗತ್ಯವಿದ್ದರೆ ಬೇರೊಂದು ವಿಧಾನಕ್ಕೆ ಬದಲಾಯಿಸಿಕೊಳ್ಳಿರಿ.

ಬಂಗನ್ನು ಕಳೆಯಲೆಂದು ಸಂತೆಯಲ್ಲಿ ಸಿಗುವ, ತಯಾರಕರ ಹೆಸರಿಲ್ಲದ ಬಿಳುಪಿನ ಕ್ರೀಮು ಹಚ್ಚುವುದು ಅಪಾಯಕರ. ಇಂತಹವುಗಳಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ ಇರಬಹುದು. ಪಾದರಸವು ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಗರ್ಭದಲ್ಲಿರುವ ಶಿಶುವಿಗೂ ಕೇಡು. ಬಿಸಿಲಿನಲ್ಲಿ ಕೆಲಸ ಮಾಡುವಾಗ ತಲೆಯ ಮೇಲೆ ಸೆರಗು ಹೊದೆಯುವುದು, ನಡುಹಗಲಿನ ಬಿಸಿಲನ್ನು ಆದಷ್ಟು ತಪ್ಪಿಸುವುದು ಖರ್ಚಿಲ್ಲದ ಉಪಾಯ. ಮೈಬಣ್ಣವು ಹುಟ್ಟಿನಿಂದ ಬಂದದ್ದು. ಹೆಂಡತಿಯ ಮುಖದ ಬಣ್ಣದ ಬಗ್ಗೆ ಆಡುವ ಕೊಂಕು ಮಾತು ಅವಳನ್ನು ಇಂತಹ ಕ್ರೀಮಿನ ಕಡೆಗೆ ತಳ್ಳುತ್ತದೆ ಎಂಬುದನ್ನು ಗಂಡಂದಿರು ಮರೆಯಬಾರದು.

ಹಸುಗೂಸಿನ ಚರ್ಮ

ಹುಟ್ಟಿದ ಮಗುವಿನ ಮೈಮೇಲಿರುವ ಬೆಣ್ಣೆಯಂತಹ ಬಿಳಿ ಲೇಪವನ್ನು ಉಜ್ಜಿ ತೆಗೆಯಬಾರದು. ಅದು ಮಗುವಿನ ಚರ್ಮಕ್ಕೆ ರಕ್ಷಣೆ. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಬೇಕು. ಇಲ್ಲವಾದರೆ ಮಗುವಿನ ಮೈ ತಣ್ಣಗಾಗುತ್ತದೆ. ಹೊಕ್ಕುಳಬಳ್ಳಿಗೆ ಎಣ್ಣೆ, ಅರಿಶಿನ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಬೇಕು. ಮೃದುವಾಗಿ ಎಣ್ಣೆ ಹಚ್ಚಬಹುದು. ಮೂಗು, ಕಿವಿಗಳಿಗೆ ಎಣ್ಣೆ ಬಿಡಕೂಡದು.

ಬೆಳೆಗೆ ಔಷಧ ಸಿಂಪಡಿಸುವವರಿಗೆ

ಕೀಟನಾಶಕವು ಬಾಯಿಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಬರಿಮೈಯಲ್ಲಿ ಸಿಂಪಡಿಸುವುದು, ಔಷಧವನ್ನು ಕೈಯಿಂದ ಕಲಸುವುದು ಪ್ರಾಣಾಪಾಯಕ್ಕೆ ದಾರಿ. ತುಂಬು ತೋಳಿನ ಅಂಗಿ, ಕೈಗವಸು ಧರಿಸಿ, ಗಾಳಿಯ ದಿಕ್ಕು ನೋಡಿ ಸಿಂಪಡಿಸಿ, ಕೆಲಸ ಮುಗಿದ ಕೂಡಲೇ ಸಾಬೂನು ಹಚ್ಚಿ ಸ್ನಾನ ಮಾಡಿರಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಹಾಕಬಾರದು. ಒಗೆಯುವವರೂ ಕೈಗವಸು ಧರಿಸಬೇಕು.

ಸ್ಪರ್ಶಜ್ಞಾನವಿಲ್ಲದ ಮಚ್ಚೆ

ತುರಿಸುವ ಮಚ್ಚೆಯನ್ನು ಯಾರಾದರೂ ಗಮನಿಸುತ್ತಾರೆ. ತುರಿಸದ, ನೋಯದ ಮಚ್ಚೆಯನ್ನು ಯಾರೂ ಗಮನಿಸುವುದಿಲ್ಲ. ತಿಳಿ ಬಿಳಿ ಅಥವಾ ತಾಮ್ರವರ್ಣದ ಮಚ್ಚೆಯಿದ್ದು, ಅದರ ಮೇಲೆ ಹತ್ತಿ ಸವರಿದರೆ ತಿಳಿಯದಿದ್ದರೆ ಅದು ಕುಷ್ಠರೋಗದ ಚಿಹ್ನೆಯಿರಬಹುದು. ಬೆನ್ನು, ಪೃಷ್ಠಗಳ ಮೇಲಿನ ಮಚ್ಚೆ ತಮಗೆ ಕಾಣುವುದಿಲ್ಲವಾದ್ದರಿಂದ, ದಂಪತಿಗಳು ಒಬ್ಬರಿನ್ನೊಬ್ಬರ ಮೈಯನ್ನು ನೋಡಿ ಹೇಳುವುದು ಒಳ್ಳೆಯದು. ತೊನ್ನು ಬೇರೆ, ಅದರಲ್ಲಿ ಸ್ಪರ್ಶಜ್ಞಾನವಿರುತ್ತದೆ, ಅದು ಅಂಟುವುದಿಲ್ಲ.

ಕುಷ್ಠರೋಗವು ಶಾಪದಿಂದ ಬರುವುದಿಲ್ಲ. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಕಂಡುಹಿಡಿದ ರೋಗಾಣುವಿನಿಂದ ಬರುತ್ತದೆ. ಬಹುವಿಧ ಔಷಧ ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ರೋಗದ ಬಗೆಯನ್ನು ಅನುಸರಿಸಿ 6 ಅಥವಾ 12 ತಿಂಗಳು ತಪ್ಪದೆ ಸೇವಿಸಿದರೆ ಸಂಪೂರ್ಣ ಗುಣವಾಗುತ್ತದೆ. ಮುಚ್ಚಿಟ್ಟರೆ ನರಗಳು ಕೆಟ್ಟು ಕೈಬೆರಳು ಮಡಚಿಕೊಳ್ಳುತ್ತವೆ, ಕಾಲು ಊನವಾಗುತ್ತದೆ. ಔಷಧದಿಂದ ರೋಗ ಹೋದರೂ ಆ ಊನ ಪೂರ್ತಿಯಾಗಿ ಹೋಗದು. ಗಂಡ ಬಿಟ್ಟಾನು, ಹೆಂಡತಿ ತೊರೆದಾಳು ಎಂಬ ಭಯದಿಂದ ಮುಚ್ಚಿಡುವವರು ತಿಳಿಯಬೇಕಾದುದೇನೆಂದರೆ, 2019ರ ಕಾನೂನು ತಿದ್ದುಪಡಿಯಿಂದ ಕುಷ್ಠರೋಗವು ವಿವಾಹ ವಿಚ್ಛೇದನೆಗೆ ಕಾರಣವಾಗಿ ಉಳಿದಿಲ್ಲ.

ನೆನಪಿಡಬೇಕಾದ ಅಂಶಗಳು

1. ಬಟ್ಟೆಯ ಸೋಪು ಬಟ್ಟೆಗೆ ಮಾತ್ರ.
2. ಕಜ್ಜಿಗೆ ಮನೆಯವರೆಲ್ಲರಿಗೂ ಒಂದೇ ರಾತ್ರಿ ಔಷಧ.
3. ವೈದ್ಯರ ಚೀಟಿ ಇಲ್ಲದೆ ತುರಿಕೆಯ ಮುಲಾಮು ಬೇಡ. ಈಗಾಗಲೇ ಬಹುಕಾಲ ಹಚ್ಚಿದವರು ಟ್ಯೂಬನ್ನು ತಂದು ವೈದ್ಯರಿಗೆ ತೋರಿಸಿರಿ.
4. ಒಬ್ಬರಿಗೆ ಬರೆದುಕೊಟ್ಟ ಔಷಧವನ್ನು ಇನ್ನೊಬ್ಬರು ಹಚ್ಚಕೂಡದು.
5. ಹೆಸರಿಲ್ಲದ ಬಿಳುಪಿನ ಕ್ರೀಮು, ಮುಖ್ಯವಾಗಿ ಗರ್ಭಿಣಿಯರಿಗೆ, ವಿಷಸಮಾನ.
6. ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಆ ವಾರದಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಸಾಧ್ಯವಾದರೆ ಗಂಡ ಹೆಂಡತಿ ಇಬ್ಬರೂ ಬನ್ನಿರಿ.