ಕೈ ಹಿಡಿದು ಕೂರಲು ಗಂಟೆಗೆ ಎಷ್ಟು?

ಬೆಂಗಳೂರಿನಲ್ಲಿ ಡೂಲಾ, ಅಂದರೆ ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವ ಹೆಂಗಸು, ಒಬ್ಬರು 40,000 ರೂಪಾಯಿ ಹೇಳಿದರು ಎಂದಿಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಹಿಡಿದ ಮೊತ್ತ, ಪೇಟೆಯ ದರಪಟ್ಟಿಯಲ್ಲ. ಮನೆಯ ಹಿರಿಯರ ಮೊದಲ ಮಾತು ಗೊತ್ತಿರುವುದೇ: ‘ಕೈ ಹಿಡ್ಕೊಂಡು ಕೂರೋಕೆ ಇಷ್ಟೊಂದಾ?’ ಪ್ರಶ್ನೆ ಒರಟು, ಆದರೆ ತಪ್ಪಲ್ಲ. ಎಷ್ಟು ಗಂಟೆ ಕೂರುತ್ತಾಳೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹೆರಿಗೆಗೆ ಮುಂಚೆ ಎರಡೆರಡು ಗಂಟೆಯ 3 ಭೇಟಿ, ನೋವು ಹತ್ತಿದ ಮೇಲೆ 14 ಗಂಟೆ, ಮಗು ಬಂದ ಮೇಲೆ ಎರಡೆರಡು ಗಂಟೆಯ 2 ಭೇಟಿ. ಒಟ್ಟು 24 ಗಂಟೆ; ಗಂಟೆಗೆ 1,667 ರೂಪಾಯಿ. ಇನ್ನು ಬೆಂಗಳೂರಿನ ರಸ್ತೆಯನ್ನೂ ಸೇರಿಸಿ. 6 ಓಡಾಟ, ಒಂದೊಂದಕ್ಕೆ ಎರಡೂವರೆ ಗಂಟೆ ಎಂದರೆ 15 ಗಂಟೆ. ಆಗ 1,026ಕ್ಕೆ ಇಳಿಯಿತು. ಚೊಚ್ಚಲ ಹೆರಿಗೆ 26 ಗಂಟೆ ಎಳೆದರೆ 784. ಇದರ ಹಿಂದೆ ಇನ್ನೊಂದು ಲೆಕ್ಕ ಅಡಗಿದೆ: ದಿನ ತುಂಬುವ ಹೊತ್ತಿನ 4 ವಾರ, ಅಂದರೆ 672 ಗಂಟೆ, ಅವಳ ಫೋನು ದಿಂಬಿನ ಪಕ್ಕದಲ್ಲೇ ಇರಬೇಕು. ಊರಿನ ಜಾತ್ರೆಗೂ ಹೋಗುವಂತಿಲ್ಲ. ಹಾಗಾಗಿ ತಿಂಗಳಿಗೆ ನಾಲ್ಕೈದು ಹೆರಿಗೆ ಒಪ್ಪಿಕೊಂಡವಳು ಅಗ್ಗಕ್ಕೆ ಸಿಕ್ಕರೂ ಅನುಮಾನ ಇರಲಿ. ಇಬ್ಬರಿಗೆ ಒಂದೇ ರಾತ್ರಿ ನೋವು ಬಂದರೆ ನಿಮ್ಮ ಬಳಿ ಬರುವವರು ಯಾರು?

ಸಿಸೇರಿಯನ್‌ ಮೊದಲೇ ನಿಗದಿಯಾದರೆ ಲೆಕ್ಕ ತಲೆಕೆಳಗು. ಆ 14 ಗಂಟೆ 3ಕ್ಕೆ ಇಳಿದರೆ, ರಸ್ತೆ ಬಿಟ್ಟು ಒಟ್ಟು 13 ಗಂಟೆ, ಗಂಟೆಗೆ 3,077. ಹಣ ಎಷ್ಟು ವಾಪಸು ಎಂಬುದು ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಬರಬೇಕಾದ ಮಾತು.

‘ಹಿಂದೆ ಸೂಲಗಿತ್ತಿ ದುಡ್ಡು ಕೇಳ್ತಿದ್ಳಾ?’ ಎಂಬ ಹೋಲಿಕೆಯೂ ಬರುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 70 ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು. ವಾರಕ್ಕೆ ಸರಾಸರಿ ನಾಲ್ಕು ಹೆರಿಗೆ, ಕೂಲಿ ಸೊನ್ನೆ. ಆದರೆ ಅವರು ಮಗುವನ್ನು ಹೊರತಂದವರು. ಡೂಲಾ ಹೆರಿಗೆ ಮಾಡಿಸುವುದಿಲ್ಲ, ತಪಾಸಣೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ. ಸೊಂಟ ಒತ್ತುತ್ತಾಳೆ, ನೀರು ಕುಡಿಸುತ್ತಾಳೆ, ಮಗ್ಗುಲು ಬದಲಿಸಲು ನೆರವಾಗುತ್ತಾಳೆ, ಎದ್ದು ಹೋಗುವುದಿಲ್ಲ.

ಆ ಎದ್ದು ಹೋಗದಿರುವುದಕ್ಕೇ ಬೆಲೆ. 1991ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಿಂದ ಬಂದ ಅಧ್ಯಯನದಲ್ಲಿ ಡೂಲಾ ಜೊತೆಗಿದ್ದವರಲ್ಲಿ 100ಕ್ಕೆ 8 ಮಂದಿಗೆ ಸಿಸೇರಿಯನ್‌ ಆಯಿತು. ಯಾರೂ ಇಲ್ಲದವರಲ್ಲಿ 18. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಮೂರನೇ ಗುಂಪು. ಅಲ್ಲಿ ಒಬ್ಬ ಹೆಂಗಸು ಮಾತಿಲ್ಲದೆ, ಕೈ ಸೋಕಿಸದೆ, ದೂರದಲ್ಲಿ ಕೂತು ಸುಮ್ಮನೆ ಬರೆದುಕೊಳ್ಳುತ್ತಿದ್ದಳು. ಆ ಗುಂಪಿನಲ್ಲಿ 13. ಎಪಿಡ್ಯೂರಲ್‌ ಅರಿವಳಿಕೆ ಪಡೆದವರು, ಸಹಜ ಹೆರಿಗೆಯಾದವರಲ್ಲಿ, ಅದೇ ಕ್ರಮದಲ್ಲಿ 100ಕ್ಕೆ 7.8, 55.3, 22.6. ಒಂದು ಮೂಲೆಯಲ್ಲಿ ಮೂಕಳಾಗಿ ಕೂತವಳಿಗೂ ಇಷ್ಟು ಬೆಲೆ!

2017ರ ಕಾಕ್ರೇನ್‌ ವಿಮರ್ಶೆ ಹಲವು ಅಧ್ಯಯನಗಳನ್ನು ಸೇರಿಸಿ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಕೂಡಿಸಿತು. ಬಿಡದೆ ಜೊತೆ ಸಿಕ್ಕವರಲ್ಲಿ ಸಿಸೇರಿಯನ್‌ ಕಾಲು ಭಾಗ ಕಡಿಮೆ. ಹೆರಿಗೆ ನೋವಿನ ಅವಧಿ ಸುಮಾರು 41 ನಿಮಿಷ ಕಡಿಮೆ. ಪುರಾವೆಯ ಗಟ್ಟಿತನ ಕಡಿಮೆ ಎಂದೂ ಅದೇ ವಿಮರ್ಶೆ ಹೇಳಿದೆ. 41 ನಿಮಿಷವೇ ನಿಜಕ್ಕೆ ಹತ್ತಿರ. ‘ಹೆರಿಗೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ’ ಎಂಬ ಮಾತಿನ ಹಿಂದೆ 1980ರ ಗ್ವಾಟೆಮಾಲಾ ಅಧ್ಯಯನದ ಜೊತೆಯಿಲ್ಲದವರ 19.3 ಗಂಟೆ ಮತ್ತು ಜೊತೆಯಿದ್ದವರ 8.8 ಗಂಟೆ ಇವೆ. ಅಲ್ಲಿ ಹೋಲಿಸಿದ್ದು 20 ಮತ್ತು 20 ಹೆಂಗಸರನ್ನು ಮಾತ್ರ.

ಈ ಕಾಲು ಭಾಗವನ್ನು ನಮ್ಮೂರಿಗೆ ಹಾಗೇ ಅಂಟಿಸುವುದೂ ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಹೆರಿಗೆಗಳಲ್ಲಿ 31.5% ಸಿಸೇರಿಯನ್‌. ಸರ್ಕಾರಿ ಆಸ್ಪತ್ರೆಗಳಲ್ಲಿ 22.6%, ಖಾಸಗಿಯಲ್ಲಿ 52.5%. ನೋವು ಶುರುವಾಗುವ ಮೊದಲೇ ದಿನ ಗೊತ್ತಾದ ಶಸ್ತ್ರಚಿಕಿತ್ಸೆಗಳೂ ಇದರಲ್ಲಿ ಸೇರಿವೆ. ಅವನ್ನು ಯಾವ ಡೂಲಾಳೂ ತಪ್ಪಿಸಲಾರಳು. ನನ್ನ ಮಟ್ಟಿಗೆ, ಡೂಲಾಳನ್ನು ಆರಿಸುವ ಮುಂಚೆ ಆಸ್ಪತ್ರೆಯನ್ನು ಆರಿಸಬೇಕು: ಚೊಚ್ಚಲ ಹೆರಿಗೆಗಳಲ್ಲಿ ನಿಮ್ಮ ಸಿಸೇರಿಯನ್‌ 100ಕ್ಕೆ ಎಷ್ಟು? ಹೆರಿಗೆ ಕೋಣೆಗೆ ಒಬ್ಬರನ್ನು ಬಿಡುತ್ತೀರೋ, ಇಬ್ಬರನ್ನೋ? ಒಬ್ಬರನ್ನೇ ಎಂದರೆ ಗಂಡನೋ ಡೂಲಾಳೋ ಎಂಬ ಜಗಳ ಮನೆಯಲ್ಲೇ ಮುಗಿಯಲಿ.

ಹಣವಿಲ್ಲದವರಿಗೂ ದಾರಿ ಇದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಹೆತ್ತ ಅನುಭವವಿರುವ ಹೆಂಗಸಾದರೆ ಒಳ್ಳೆಯದು, ಸೋಂಕು ಇರಬಾರದು, ಕೊನೆತನಕ ಇರಬೇಕು. ಖರ್ಚು ಚಿಕ್ಕಮ್ಮನ ಬಸ್‌ ಚಾರ್ಜು. ಅದೂ ಈಗ ಶಕ್ತಿ ಯೋಜನೆಯಲ್ಲಿ ಉಳಿಯುತ್ತದೆ.

ಬಾಣಂತನದ ಲೆಕ್ಕ ಬೇರೆ. ಅದಕ್ಕೂ ಡೂಲಾಳನ್ನೇ ಕರೆದರೆ, ದಿನಕ್ಕೆ 4 ಗಂಟೆ, 40 ದಿನ ಎಂದರೆ 160 ಗಂಟೆ. ಗಂಟೆಗೆ 300 ರೂಪಾಯಿ ಹಿಡಿದರೂ 48,000, ಹೆರಿಗೆಯ ಪ್ಯಾಕೇಜಿಗಿಂತ ಹೆಚ್ಚು. ಡೂಲಾ ಖರ್ಚನ್ನು ಸರ್ಕಾರವೇ ಹೊರುವ ಕಡೆಯೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಡವರ ಸರ್ಕಾರಿ ವಿಮೆ 2023ರಿಂದ ಡೂಲಾ ಖರ್ಚು ಕೊಡುತ್ತಿದೆ: ಮೊದಲ ಭೇಟಿ, ಹೆರಿಗೆಗೆ ಹಿಂದೆ ಮುಂದೆ ಹಂಚಿಕೊಳ್ಳಲು 8 ಭೇಟಿ, ಹೆರಿಗೆಯ ಹೊತ್ತು, ಆಮೇಲೆ ಮೂರು ಮೂರು ಗಂಟೆಯ 2 ಭೇಟಿ. ಅಲ್ಲಿನ ನಮ್ಮ ಸಾಫ್ಟ್‌ವೇರ್‌ ಮಂದಿಗೆ ಸಾಮಾನ್ಯವಾಗಿ ಈ ವಿಮೆ ಸಿಗದು. ಅವರ ಡೂಲಾ ಆರು ತಿಂಗಳಿಗೆಂದು ಸಾರಿನಪುಡಿ ಹೊತ್ತು ಬರುವ ಅಮ್ಮ.

ಎಣ್ಣೆ ನೀರು, ಸಾಂಬ್ರಾಣಿ, ಪಥ್ಯ ನೋಡಿಕೊಳ್ಳುವವರು ಮನೆಯಲ್ಲಿದ್ದರೆ ಆ 160 ಗಂಟೆ ಕೊಳ್ಳಬೇಕಾಗಿಲ್ಲ. ಪ್ಯಾಕೇಜಿನ 2 ಭೇಟಿಗಳನ್ನು ಮೂರನೇ ಮತ್ತು ಐದನೇ ದಿನಕ್ಕೆ ಬರೆಸಿಕೊಳ್ಳಿ. ಎದೆ ಕಟ್ಟುವುದು, ಮಗು ಬಾಯಿ ಹಾಕಲೊಲ್ಲದೆ ಅಳುವುದು ಆ ದಿನಗಳಲ್ಲೇ. ಹದಿನೈದನೇ ದಿನ ಬರುವವಳಿಗೆ ಅಡುಗೆಮನೆ ಕಟ್ಟೆಯ ಮೇಲೆ ಡಬ್ಬಿ ಹಾಲಿನ ಎರಡನೇ ಡಬ್ಬ ಕಾಣುತ್ತದೆ.