ಕಲ್ಪನೆಯ ಕೋವಿಗೂ ಹಿಡಿಕೆ ಬೇಕು

ವಿಜಯಪುರದ ಶೇರ್ಜಾ ಬುರುಜಿಗೆ ಹೋದವರೆಲ್ಲ ಮಲಿಕ್-ಎ-ಮೈದಾನ್ ತೋಪಿನ ಬಾಯಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿರುವುದು ತೆರೆದ ಸಿಂಹದ ದವಡೆ, ಅದರ ಹಲ್ಲಿಗೆ ಸಿಕ್ಕ ಆನೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಈ ತೋಪು ಸುಮಾರು 55 ಟನ್ ತೂಗುತ್ತದೆ. ವೈಜ್ಞಾನಿಕ ಕಥೆ ಬರೆಯುವವರು, ಗೇಮು, ಸಿನಿಮಾಗಳಿಗೆ ನಾಳಿನ ಆಯುಧ ರೂಪಿಸುವವರು ಅದರ ಹಿಂದೆ ಹೋಗಿ, ಗೋಲಂದಾಜ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಗಳಿಗೆ ನಿಲ್ಲಬೇಕು.

ಅಲ್ಲಿ ನಿಂತರೆ ಪ್ರಶ್ನೆಗಳು ತಾವಾಗಿ ಬರುತ್ತವೆ. ತೋಪಿನ ಬಾಯಿಯ ಒಳವ್ಯಾಸ ಸುಮಾರು 70 ಸೆಂಟಿಮೀಟರ್. ಅಷ್ಟಗಲದ ಕರಿಕಲ್ಲಿನ ಗುಂಡು ಮಾಡಿದರೆ ಲೆಕ್ಕಕ್ಕೆ ಸುಮಾರು ಐದು ಕ್ವಿಂಟಲ್ ಆಗುತ್ತದೆ. ಅದನ್ನು ಬುರುಜಿನ ಮೇಲೆ ಎಷ್ಟು ಜನ ಎತ್ತಬೇಕು? ಮದ್ದು, ಗುಂಡು ಎರಡನ್ನೂ ಬಾಯಿಯಿಂದಲೇ ತುಂಬಬೇಕು, ಅಂದರೆ ತುಂಬುವವನು ವೈರಿಗೆ ಮೈಯೊಡ್ಡಬೇಕು. ಸದ್ದಿನ ಗತಿ ಏನು? ಬತ್ತಿಗೆ ಕಿಡಿ ತಾಗಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂದು ಊರಿನಲ್ಲಿ ಹೇಳುತ್ತಾರೆ. ಈ ಮಾತು ಐತಿಹ್ಯವೇ ಇರಲಿ, ಹೇಳಿದವರು ತೋಪಿಗಿಂತ ಹೆಚ್ಚಾಗಿ ಅದನ್ನು ಹಾರಿಸುವ ಮನುಷ್ಯನ ಬಗ್ಗೆ ಯೋಚಿಸಿದ್ದಾರೆ. ಓದುಗನನ್ನು ನಂಬಿಸುವುದು ಇಂಥ ವಿವರವೇ.

ಸಮೀಪದ ಉಪ್ಲಿ ಬುರುಜಿನ ಸಮಸ್ಯೆ ಬೇರೆ. ಹೈದರ್ ಖಾನ್ 1584ರ ಸುಮಾರಿಗೆ ಕಟ್ಟಿಸಿದ ಈ ಗುಂಡನೆಯ ಗೋಪುರ 80 ಅಡಿ ಎತ್ತರವಿದೆ, ಹೊರಮೈಗೆ ಮೆಟ್ಟಿಲು ಸುತ್ತಿಕೊಂಡಿವೆ. ಮೇಲಿರುವ ಎರಡು ತೋಪುಗಳಲ್ಲಿ ದೊಡ್ಡದು 30 ಅಡಿ ದಾಟುತ್ತದೆ. ಅಷ್ಟುದ್ದದ ನಳಿಕೆಗೆ ಮದ್ದು ಗಿಡಿಯಲು ಅಷ್ಟೇ ಉದ್ದದ ಕೋಲು ಬೇಕು, ಆ ಕೋಲು ಆಡಿಸಲು ಜಾಗ ಬೇಕು. ಮದ್ದು, ನೀರು ಮೇಲೆಯೇ ದಾಸ್ತಾನಿರಬೇಕು. ಆಯುಧದ ಜೊತೆಗೇ ಕಟ್ಟಡವನ್ನೂ ರೂಪಿಸಬೇಕಾಗುತ್ತದೆ. ನಮ್ಮ ಎಷ್ಟೋ ಅಂತರಿಕ್ಷ ಕಥೆಗಳಲ್ಲಿ ಹಡಗಿನ ಫಿರಂಗಿಗೆ ಯಾರು, ಎಲ್ಲಿಂದ ಮದ್ದು ಒದಗಿಸುತ್ತಾರೆ ಎಂಬುದೇ ಇರುವುದಿಲ್ಲ.

ಕೈಯಲ್ಲಿ ಹಿಡಿಯುವ ಆಯುಧದ ಮಾತಿಗೆ ಬಂದರೆ, 1977ರ ‘ಸ್ಟಾರ್ ವಾರ್ಸ್’ ಚಿತ್ರದ ಸೈನಿಕರ ಬಳಿ ಇರುವುದು ಬ್ರಿಟನ್ನಿನ ಸ್ಟರ್ಲಿಂಗ್ ಬಂದೂಕಿನಿಂದ ರೂಪಿಸಿದ ಆಯುಧ. ನಾಯಕನ ಬೆಳಕಿನ ಕತ್ತಿಯ ಹಿಡಿ ಹಳೆಯ ಕ್ಯಾಮೆರಾದ ಫ್ಲ್ಯಾಶ್ ಹಿಡಿಕೆ. ಮನುಷ್ಯರ ಕೈಗೆ ಮೊದಲೇ ಹೊಂದಿಸಿದ್ದ ವಸ್ತುಗಳಾದ್ದರಿಂದಲೇ ಅವು ನಟರ ಕೈಯಲ್ಲಿ ಸಹಜವಾಗಿ ಕೂತವು.

ಲೇಸರ್ ಕೋವಿಗೆ ಒದೆತ ಇಲ್ಲವೆನ್ನುವಷ್ಟು ಕಡಿಮೆ, ನಿಜ. ಆದರೆ ಅದು ನುಂಗಿದ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಶಾಖವಾಗಿ ಕೋವಿಯಲ್ಲೇ ಉಳಿಯುತ್ತದೆ. ಆ ಶಾಖ ಹೋಗುವುದೆಲ್ಲಿ, ಅಂಗೈ ಸುಡದಂತೆ ಹಿಡಿ ಎಲ್ಲಿರಬೇಕು, ಬ್ಯಾಟರಿಯ ಭಾರ ಹೊರುವುದು ಭುಜವೋ ಸೊಂಟವೋ? ಲೇಖಕ ಇದನ್ನು ಮೊದಲು ತೀರ್ಮಾನಿಸಲಿ, ಬಣ್ಣದ ದೀಪ ಆಮೇಲೆ.

ಇದನ್ನು ಕಲಿಯಲು ಹೊರದೇಶಕ್ಕೆ ಹೋಗಬೇಕಿಲ್ಲ. ಇದೇ ವಿಜಯಪುರ ಜಿಲ್ಲೆಯ ಬಬಲೇಶ್ವರದ ಕಡೆ ತೊಗರಿಗೆ ಔಷಧಿ ಹೊಡೆಯುವವರ ಬೆನ್ನಿನ ಪಂಪು ನೋಡಿ. 16 ಲೀಟರಿನ ಡಬ್ಬಿ ತುಂಬಿದರೆ ನೀರಿನ ತೂಕವೇ 16 ಕಿಲೊ. ಎಡಗೈ ಹಿಡಿಕೆ ಆಡಿಸುತ್ತದೆ, ಬಲಗೈ ಕೊಳವೆ ಹಿಡಿಯುತ್ತದೆ, ಪಟ್ಟಿ ಹೆಗಲು ಕೊರೆಯುತ್ತದೆ. ಬೆನ್ನಿಗೆ ಇಂಧನ ಹೊತ್ತ ಕಥೆಯ ಸೈನಿಕ ಹೇಗೆ ಬಾಗುತ್ತಾನೆ, ಎಷ್ಟು ಹೊತ್ತಿಗೆ ದಣಿಯುತ್ತಾನೆ ಎಂಬುದೆಲ್ಲ ಆ ಹೊಲದಲ್ಲೇ ಇದೆ. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ) ವೇಳೆಗೆ ಕತ್ತರಿ ಹಿಡಿದವರು ದಿನವಿಡೀ ಕೈಯೆತ್ತಿ ಕಡ್ಡಿ ಕತ್ತರಿಸುತ್ತಾರೆ. ಒತ್ತಿದ ಕತ್ತರಿಯನ್ನು ಸ್ಪ್ರಿಂಗೇ ತೆರೆಯುತ್ತದೆ, ಕೆಲಸ ಮುಗಿದಾಗ ಹೆಬ್ಬೆರಳು ಅದರ ಚಿಲಕ ಹಾಕುತ್ತದೆ. ಭವಿಷ್ಯದ ಪಿಸ್ತೂಲಿನ ಸುರಕ್ಷಾ ಕೀಲಿ ಎಲ್ಲಿರಬೇಕೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವ, ಚಿತ್ರಿಸುವ ಗೆಳೆಯರೇ, ಆಯುಧವನ್ನು ಮೊದಲು ರಟ್ಟಿನಲ್ಲೋ ಕಟ್ಟಿಗೆಯಲ್ಲೋ ಮಾಡಿ. ನಿಜದ ತೂಕ ಬರುವಷ್ಟು ಮರಳು ಕಟ್ಟಿ, ಹೆಗಲಿಗೇರಿಸಿ ಉಪ್ಲಿ ಬುರುಜಿನ ಮೆಟ್ಟಿಲಿನಷ್ಟು ಎತ್ತರ ಹತ್ತಿ ನೋಡಿ. ಬರೆಯುವುದನ್ನು ಆಮೇಲೆ ಶುರುಮಾಡಿ.